ಮನೆಯವರ ಕೈ ಕಾಣುವ ಗೊಂಬೆ ಹಬ್ಬ

ದಸರೆಯಲ್ಲಿ ಯಾರ ಮನೆಗೆ ಗೊಂಬೆ ನೋಡಲು ಹೋದರೂ ನನ್ನ ಕಣ್ಣು ಮೊದಲು ಹೋಗುವುದು ಗೊಂಬೆ ಮೆಟ್ಟಿಲ ಕೆಳಗೆ ನೆಲದ ಮೇಲೆ ಮಾಡಿದ ಪುಟ್ಟ ಪಾರ್ಕಿಗೆ. ಮೆಟ್ಟಿಲ ಮೇಲೆ ಪಟ್ಟದ ಗೊಂಬೆ, ದಶಾವತಾರ, ಮದುವೆ ಸೆಟ್ಟು, ಶೆಟ್ಟಿ ದಂಪತಿಯ ದಿನಸಿ ಅಂಗಡಿ ಎಲ್ಲ ಇರುತ್ತವೆ. ಅವುಗಳಲ್ಲಿ ಹೆಚ್ಚಿನವು ಪೇಟೆಯಿಂದ ಬಂದವು, ಇಲ್ಲವೇ ಅಜ್ಜಿಯ ಕಾಲದಿಂದ ಇಳಿದು ಬಂದವು. ನೆಲದ ಮೇಲಿನ ಪಾರ್ಕು ಮಾತ್ರ ಆ ವರ್ಷ, ಆ ಮನೆಯಲ್ಲಿ, ಆ ಮನೆಯ ಮಕ್ಕಳ ಕೈಯಲ್ಲೇ ಆದದ್ದು. ಮೈಸೂರು, ಬೆಂಗಳೂರಿನ ಮನೆಗಳಲ್ಲಿ ತಲೆಮಾರುಗಳಿಂದ ನಡೆದು ಬಂದ ಈ ಹಬ್ಬವನ್ನು ಒಂದು ಕಲೆ ಎಂದು ಒಪ್ಪುವುದಾದರೆ, ಅದರ ಗುಣವನ್ನು ಅಳೆಯಬೇಕಾದದ್ದು ಅಲ್ಲಿಂದಲೇ.

ಪಾರ್ಕಿನ ಜೀವ ರಾಗಿ ಪೈರು. ಮಹಾಲಯ ಅಮಾವಾಸ್ಯೆಯ ಹಿಂದಿನ ರಾತ್ರಿ ಒಂದು ಹಿಡಿ ರಾಗಿ ನೆನೆಹಾಕಿ, ಬೆಳಿಗ್ಗೆ ನೀರು ಬಸಿದು, ಅಗಲವಾದ ತಟ್ಟೆಯಲ್ಲಿ ಗೊಬ್ಬರ ಬೆರೆಸಿದ ಮಣ್ಣು ಹರಡಿ ಒತ್ತಾಗಿ ಚೆಲ್ಲುತ್ತಾರೆ. ಮೇಲೆ ತೆಳ್ಳಗೆ ಮಣ್ಣು ಉದುರಿಸಿ, ಒದ್ದೆ ಬಟ್ಟೆ ಮುಚ್ಚಿಡುತ್ತಾರೆ. ನೀರು ಸುರಿದರೆ ಕಾಳೆಲ್ಲ ಒಂದು ಮೂಲೆಗೆ ಸೇರಿಬಿಡುತ್ತದೆ, ಚಿಮುಕಿಸಬೇಕು. ಎರಡು ಮೂರು ದಿನಕ್ಕೆ ಮೊಳಕೆ, ಸರಸ್ವತಿ ಪೂಜೆಯ ಹೊತ್ತಿಗೆ ದಟ್ಟ ಹಸಿರು. ಅಗ್ಗದಲ್ಲಿ ಹಸಿರು ಮಾಡುವ ಉಪಾಯ ಇದು, ನಿಜ. ಆದರೆ ನಾನು ಇದನ್ನು ಮೆಚ್ಚುವುದು ಬೇರೆ ಕಾರಣಕ್ಕೆ. ಒಂಬತ್ತು ದಿನವೂ ಒಂದೇ ಸಮ ನಿಂತಿರುವ ಗೊಂಬೆಗಳ ನಡುವೆ ಬೆಳೆಯುವುದು ಇದೊಂದೇ. ಮಗು ಬೆಳಿಗ್ಗೆ ಎದ್ದು ಓಡಿ ಬಂದು ನೋಡುವುದೂ ಇದನ್ನೇ. ಈಗ ಗಜದ ಲೆಕ್ಕದಲ್ಲಿ ಸಿಗುವ ಪ್ಲಾಸ್ಟಿಕ್ ಹುಲ್ಲಿನ ಹಾಸು ಹಾಕಿದ ಪಾರ್ಕುಗಳನ್ನು ನೋಡುತ್ತೇನೆ. ಅಚ್ಚುಕಟ್ಟಾಗಿರುತ್ತವೆ, ಸ್ವಚ್ಛವಾಗಿರುತ್ತವೆ, ಮೊದಲ ದಿನ ಹೇಗಿದ್ದವೋ ಕೊನೆಯ ದಿನವೂ ಹಾಗೇ ಇರುತ್ತವೆ. ಅದೇ ಅವುಗಳ ಕೊರತೆ.

ಮೆಟ್ಟಿಲಿನ ವಿಷಯಕ್ಕೆ ಬಂದರೆ ನನ್ನ ತೀರ್ಪು ಅಷ್ಟು ಕಟ್ಟುನಿಟ್ಟಲ್ಲ. ಮೂರೋ ಐದೋ ಏಳೋ ಒಂಬತ್ತೋ, ಬೆಸ ಸಂಖ್ಯೆಯಲ್ಲಿ ಮೆಟ್ಟಿಲು ಕಟ್ಟುವುದು ವಾಡಿಕೆ. ಹಿಂದೆ ಟ್ರಂಕು, ಮಣೆ, ಬೆಂಚು, ಹಲಗೆ ಜೋಡಿಸಿ ಮೇಲೆ ಬಿಳಿ ಪಂಚೆ ಹೊದಿಸುತ್ತಿದ್ದರು. ಅದರಲ್ಲೊಂದು ಜಾಣತನವಿತ್ತು. ಗೊಂಬೆ ಇಟ್ಟಿದ್ದ ಟ್ರಂಕುಗಳು ಖಾಲಿಯಾದ ಕೂಡಲೇ ಅವೇ ಮೆಟ್ಟಿಲಾಗುತ್ತಿದ್ದವು. ಸಾಮಾನು ಇಡುವುದೆಲ್ಲಿ, ಖಾಲಿ ಪೆಟ್ಟಿಗೆ ಇಡುವುದೆಲ್ಲಿ ಎಂಬ ಎರಡು ಚಿಂತೆಗೂ ಒಂದೇ ಉತ್ತರ. ಎರಡು ಕೋಣೆಯ ಬಾಡಿಗೆ ಮನೆಗೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ನನಗೆ ತೋಚುವುದಿಲ್ಲ. ಆದರೂ ಮಡಚುವ ಸ್ಟೀಲ್ ಸ್ಟ್ಯಾಂಡ್ ಕೊಂಡವರನ್ನು ನಾನು ತಪ್ಪು ಹಿಡಿಯಲಾರೆ. ಅರವತ್ತು ದಾಟಿದ ಹೆಂಗಸು ಟ್ರಂಕು ಎಳೆದಾಡುವುದಕ್ಕಿಂತ ಅದೇ ಮೇಲು.

ಪಟ್ಟದ ಗೊಂಬೆಯ ಬಗ್ಗೆ ಮಾತ್ರ ರಾಜಿಯಿಲ್ಲ. ರಾಜ ರಾಣಿಯರ ಈ ಮರದ ಜೋಡಿಯನ್ನು ಮದುವೆಯಲ್ಲಿ ತವರಿನವರು ಮಗಳಿಗೆ ಕೊಡುವುದು ರೂಢಿ. ರಕ್ತಚಂದನದ್ದಾದರೆ ಶ್ರೇಷ್ಠ ಎಂಬ ಮಾತಿದೆ. ಪ್ರತಿ ವರ್ಷ ಇವಕ್ಕೆ ಹೊಸದಾಗಿ ಉಡಿಸುವುದೇ ಒಂದು ಕುಸುರಿ ಕೆಲಸ. ಗೊಂಬೆಯ ಕೈ ಮೈಗೆ ಅಂಟಿಕೊಂಡೇ ಕೆತ್ತಿರುವುದರಿಂದ ರವಿಕೆ ತೊಡಿಸಲು ಬರುವುದಿಲ್ಲ. ಹಳೆಯ ರೇಷ್ಮೆ ಸೀರೆಯ ತುಂಡನ್ನು ಎದೆಗೆ ಸುತ್ತಿ ಹಿಂದೆ ಹೊಲಿಗೆ ಹಾಕಬೇಕು. ಬೆರಳಗಲದ ನೆರಿಗೆ ಹಿಡಿದು ಸೊಂಟಕ್ಕೆ ದಾರ ಬಿಗಿದು, ಆ ದಾರ ಕಾಣದಂತೆ ಜರಿ ಅಂಚನ್ನು ಡಾಬಿನ ಹಾಗೆ ಕಟ್ಟಬೇಕು. ರಾಜನ ಪೇಟಕ್ಕೆ ರೇಷ್ಮೆ ಜಾರುತ್ತದೆ, ಒಳಗೆ ಹತ್ತಿಯ ಪಟ್ಟಿ ಸುತ್ತಿದರೆ ನಿಲ್ಲುತ್ತದೆ. ಒಂದು ಮಧ್ಯಾಹ್ನವಿಡೀ ಹಿಡಿಯುವ ಕೆಲಸ, ಒಂದು ಪೈಸೆ ಖರ್ಚಿಲ್ಲ. ಅಜ್ಜಿಯ ಸೀರೆ ಯಾವುದು, ಅತ್ತೆಯ ಸೀರೆ ಯಾವುದು ಎಂದು ಮಕ್ಕಳಿಗೆ ತಿಳಿಯುವುದೂ ಆಗಲೇ. ಬಟ್ಟೆ, ಒಡವೆ ಎಲ್ಲವನ್ನೂ ಅಂಟು ಹಾಕಿ ಕೂರಿಸಿ ಮಾರುವ ಜೋಡಿಗಳು ಈಗ ಬಂದಿವೆ. ಅವುಗಳನ್ನು ಮನೆಗೆ ತಂದರೆ ಮಾಡಲು ಏನೂ ಉಳಿಯುವುದಿಲ್ಲ. ಹಬ್ಬದ ಅತಿ ಚಂದದ ಗಳಿಗೆಯನ್ನೇ ಅಂಗಡಿಯವರಿಗೆ ಬಿಟ್ಟುಕೊಟ್ಟಂತೆ.

ಕೊಳ್ಳುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ವರ್ಷಕ್ಕೆ ಒಂದಾದರೂ ಹೊಸ ಗೊಂಬೆ ಸೇರಿಸಬೇಕು ಎಂಬ ಪದ್ಧತಿ ಹಳೆಯದೇ. ಅದರ ಅಳತೆ ಬಹಳ ಸರಿಯಾಗಿದೆ. ವರ್ಷಕ್ಕೊಂದೆರಡು ಬಂದರೆ ಪ್ರತಿ ಗೊಂಬೆಗೂ ಒಂದು ಕತೆ ಇರುತ್ತದೆ, ಎಲ್ಲಿ ಕೊಂಡದ್ದು, ಯಾರು ಹಟ ಮಾಡಿ ಕೊಡಿಸಿಕೊಂಡದ್ದು ಎಂದು. ಚನ್ನಪಟ್ಟಣದ ಒಂದು ಗೊಂಬೆ ತೆಗೆದುಕೊಳ್ಳಿ. ಹಗುರಾದ ಆಲೆ ಮರವನ್ನು ಚರಕಿಗೆ ಹಾಕಿ ತಿರುಗಿಸಿ, ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜುವ ಬಿಸಿಗೇ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ, ಆಮೇಲೆ ಕೇದಗೆಯ ಎಲೆಯಿಂದ ಮೆರುಗು. ಕೊಪ್ಪಳ ಜಿಲ್ಲೆಯ ಕಿನ್ನಾಳದಲ್ಲಿ ಚಿತ್ರಗಾರರು ಹಗುರ ಮರದ ತುಂಡುಗಳನ್ನು ಜೋಡಿಸಿ, ಹುಣಸೆ ಬೀಜದ ಸರಿಯ ಮೇಲೆ ಬಣ್ಣ ಕೊಡುತ್ತಾರೆ. ಇಂಥದ್ದು ಒಂದು ಮನೆಗೆ ಬಂದರೆ ಮೊಮ್ಮಕ್ಕಳ ಕಾಲಕ್ಕೂ ಉಳಿಯುತ್ತದೆ. ನನ್ನ ತಕರಾರು ಇರುವುದು ಒಂದೇ ಸಲಕ್ಕೆ ಇಪ್ಪತ್ತು, ಮೂವತ್ತು ಪ್ಲಾಸ್ಟರ್ ಗೊಂಬೆಗಳ ಸೆಟ್ಟು ತಂದು ಮೆಟ್ಟಿಲು ತುಂಬುವುದರ ಬಗ್ಗೆ. ಮೂಗಿನ ತುದಿ ಸ್ವಲ್ಪ ತಾಗಿದರೂ ಬಿಳಿ ಸುಣ್ಣ ಕಾಣುತ್ತದೆ. ಸಾಲಿನಲ್ಲಿ ಹತ್ತು ಮನೆಗೆ ಹೋದರೆ ನಾಲ್ಕರಲ್ಲಿ ಅದೇ ಸೀತಾ ಕಲ್ಯಾಣ, ಅದೇ ಮುಖ.

ಹೊಸ ವಿಷಯ ಇಟ್ಟುಕೊಂಡು ಗೊಂಬೆ ಕೂರಿಸುವುದನ್ನು ಸಂಪ್ರದಾಯಸ್ಥರು ಹಳಿಯುತ್ತಾರೆ. ಅವರ ಜೊತೆ ನಾನಿಲ್ಲ. ಅಂಬಾರಿ, ಆನೆ, ಅಶ್ವದಳದ ಜಂಬೂಸವಾರಿಯನ್ನು ಮನೆಯ ಮೂಲೆಗೆ ತಂದವರೂ ತಮ್ಮ ಕಾಲದ ಸುದ್ದಿಯನ್ನೇ ಗೊಂಬೆಯಲ್ಲಿ ಹೇಳಿದ್ದರಲ್ಲವೇ? 2023ರ ಆಗಸ್ಟ್ 23ರಂದು ಚಂದ್ರಯಾನ-3 ಚಂದ್ರನ ಮೇಲೆ ಇಳಿದ ಮೇಲೆ ಬಂದ ದಸರೆಯಲ್ಲಿ ಮೈಸೂರಿನ ಒಂದು ಸಣ್ಣ ಮನೆಯಲ್ಲಿ ಕಂಡದ್ದು ಇನ್ನೂ ಮನಸ್ಸಿನಲ್ಲಿದೆ. ಅಗರಬತ್ತಿಯ ಪೆಟ್ಟಿಗೆಗೆ ಚಾಕೊಲೇಟಿನ ಬಂಗಾರದ ಹಾಳೆ ಅಂಟಿಸಿದ ಲ್ಯಾಂಡರ್, ಅದಕ್ಕೆ ಊದುಬತ್ತಿ ಕಡ್ಡಿಯ ನಾಲ್ಕು ಕಾಲು. ಒಲೆಯ ಬೂದಿಯ ಜೊತೆ ರವೆ ಬೆರೆಸಿ ಹರಡಿದ ಚಂದ್ರನ ನೆಲ. ಬಾಟಲಿ ಮುಚ್ಚಳ ಒತ್ತಿ ಮಾಡಿದ ಕುಳಿಗಳು. ಆರನೇ ಕ್ಲಾಸಿನ ಹುಡುಗಿ ಅದರ ಪಕ್ಕ ನಿಂತು ಬಂದವರಿಗೆಲ್ಲ ವಿವರಿಸುತ್ತಿದ್ದಳು. ಅದೇ ವಾರ ಇನ್ನೊಂದು ದೊಡ್ಡ ಮನೆಯಲ್ಲಿ ಇದೇ ವಿಷಯವನ್ನು ಥರ್ಮೋಕೋಲ್‌ನಲ್ಲಿ, ಬಣ್ಣದ ದೀಪಗಳೊಡನೆ, ಡೆಕೊರೇಟರ್ ಕರೆಸಿ ಮಾಡಿಸಿದ್ದರು. ನೋಡಲು ಭವ್ಯವಾಗಿತ್ತು. ಕೇಳಿದ ಪ್ರಶ್ನೆಗೆ ಉತ್ತರ ಹೇಳುವವರು ಆ ಮನೆಯಲ್ಲಿ ಯಾರೂ ಇರಲಿಲ್ಲ.

ಗೊಂಬೆ ನೋಡಲು ಬಂದ ಮಕ್ಕಳಿಗೆ ಕೊಡುವ ತಿಂಡಿಯ ಗೊಂಬೆ ಬಾಗಿನದಲ್ಲೂ ಇದೇ ಕತೆ. ದಿನಕ್ಕೊಂದು ಕಾಳಿನ ಉಸಲಿ, ಒಂದೆರಡು ದಿನ ಕೊಬ್ಬರಿ ಮಿಠಾಯಿ, ಕೋಡುಬಳೆ, ರವೆ ಉಂಡೆ: ಇಷ್ಟರಲ್ಲಿ ಒಂಬತ್ತು ದಿನ ಸಾಗುತ್ತದೆ. ಅರ್ಧ ಕೆಜಿ ಕಡಲೆಕಾಳು ರಾತ್ರಿ ನೆನೆಹಾಕಿದರೆ ಬೆಳಿಗ್ಗೆ ಹೆಚ್ಚುಕಡಿಮೆ ಒಂದು ಕೆಜಿ ಆಗುತ್ತದೆ. ಕುಕ್ಕರಿನಲ್ಲಿ ಬೇಯಿಸಿ, ಸಾಸಿವೆ, ಇಂಗು, ಒಣಮೆಣಸಿನಕಾಯಿ ಒಗ್ಗರಣೆ ಕೊಟ್ಟು, ಕಾಯಿತುರಿ ಉದುರಿಸಿ, ನಿಂಬೆ ಹಿಂಡಿದರೆ ಇಪ್ಪತ್ತು ಮಕ್ಕಳಿಗೆ ಒಂದೊಂದು ದೊನ್ನೆ ಧಾರಾಳ. ಇಷ್ಟು ಕಡಿಮೆ ಖರ್ಚಿನಲ್ಲಿ, ಇಷ್ಟು ಪೌಷ್ಟಿಕವಾಗಿ, ಇಷ್ಟು ಜನರನ್ನು ಸತ್ಕರಿಸುವ ಇನ್ನೊಂದು ಕೂಟ ನಮ್ಮಲ್ಲಿ ಕಡಿಮೆ. ಈಗ ಇದರ ಜೊತೆ ರಿಟರ್ನ್ ಗಿಫ್ಟ್ ಕಡ್ಡಾಯವೆಂಬಂತಾಗಿದೆ. ಪೆನ್ಸಿಲ್ ಬಾಕ್ಸ್, ಪ್ಲಾಸ್ಟಿಕ್ ಬುಟ್ಟಿ, ಜಿಪ್ ಪೌಚು. ಪಕ್ಕದ ಮನೆಯವರು ಕೊಟ್ಟರೆಂದು ಇವರು, ಇವರು ಕೊಟ್ಟರೆಂದು ಎದುರು ಮನೆಯವರು. ಕೊಡಲಾಗದವರು ಕೊನೆಗೆ ಗೊಂಬೆ ಕೂರಿಸುವುದನ್ನೇ ನಿಲ್ಲಿಸುತ್ತಾರೆ. ಹೀಗೆ ನಿಲ್ಲಿಸಿದ ಮನೆಗಳನ್ನು ನಾನು ಬಲ್ಲೆ, ಅದಕ್ಕೇ ಈ ಮಾತಿನಲ್ಲಿ ಸ್ವಲ್ಪ ಕಟುವಾಗಿದ್ದೇನೆ.

ಒಂದು ಹಳೆಯ ದೋಷವನ್ನೂ ಹೇಳಬೇಕು. ವಿಜಯದಶಮಿಯ ರಾತ್ರಿ ಗೊಂಬೆ ಮಲಗಿಸಿದ ಮೇಲೆ ಮನೆಯವರ ಉತ್ಸಾಹವೂ ಮಲಗುತ್ತದೆ. ಜೋಡಿಸುವಾಗ ಹತ್ತು ಕೈ, ಎತ್ತಿಡುವಾಗ ಅಮ್ಮನ ಎರಡೇ ಕೈ. ಅವಸರದಲ್ಲಿ ಸುತ್ತಿಟ್ಟ ಪೇಪರಿನ ಮಸಿ ಗೊಂಬೆಯ ಮುಖಕ್ಕೆ ಹತ್ತುತ್ತದೆ. ಪ್ಲಾಸ್ಟಿಕ್ ಕವರಿನಲ್ಲಿ ಬಿಗಿದದ್ದು ಮಳೆಗಾಲದಲ್ಲಿ ಬೆವರಿ ಬಣ್ಣ ಏಳುತ್ತದೆ. ಮೊದಲು ಹಳೆಯ ಹತ್ತಿ ಸೀರೆಯ ತುಂಡು, ಅದರ ಮೇಲೆ ಪೇಪರು, ಭಾರದವು ಕೆಳಗೆ, ಮಣ್ಣಿನವು ಮೇಲೆ, ಮುಚ್ಚಳದ ಒಳಗೆ ಯಾವ ಪೆಟ್ಟಿಗೆಯಲ್ಲಿ ಏನಿದೆ ಎಂಬ ಪಟ್ಟಿ: ಇದಿಷ್ಟನ್ನು ಗಂಡಸರೂ ಮಕ್ಕಳೂ ಕೂತು ಮಾಡಿದರೆ ಒಂದು ಸಂಜೆಯ ಕೆಲಸ. ಈ ಸಂಜೆಯನ್ನೂ ಹಬ್ಬದ ಲೆಕ್ಕಕ್ಕೇ ಸೇರಿಸಬೇಕು.

ಇನ್ನೊಂದು ದೋಷ ಇದಕ್ಕಿಂತ ಆಳದ್ದು. "ರೀ, ಗೊಂಬೆ ಕೂರ್ಸಿದೀರಾ?" ಎಂದು ಕೇಳಿಕೊಂಡು ಬೀದಿಯ ಮಕ್ಕಳು ಯಾರ ಮನೆಗಾದರೂ ನುಗ್ಗುವ ಸಲುಗೆ ಈ ಹಬ್ಬಕ್ಕಿತ್ತು. ಅಪಾರ್ಟ್‌ಮೆಂಟಿನ ಗೇಟು, ವಾಟ್ಸ್ಯಾಪಿನ ಆಹ್ವಾನ, ಆರರಿಂದ ಎಂಟರವರೆಗೆ ಎಂಬ ಸಮಯ ಬಂದ ಮೇಲೆ ಆ ಪ್ರಶ್ನೆ ಕೇಳಿಸುವುದು ಕಡಿಮೆಯಾಗಿದೆ. ಆದರೆ ಮಕ್ಕಳಿಗೆ ಅಷ್ಟು ಸಲುಗೆಯಿದ್ದ ಕಾಲದಲ್ಲೂ ದೊಡ್ಡವರಲ್ಲಿ ಎಲ್ಲರಿಗೂ ಅದು ಇರಲಿಲ್ಲ. ಗಂಡ ತೀರಿಕೊಂಡ ಹೆಂಗಸನ್ನು ಅರಿಶಿನ ಕುಂಕುಮಕ್ಕೆ ಕರೆಯುತ್ತಿರಲಿಲ್ಲ, ಈಗಲೂ ಅನೇಕ ಮನೆಗಳಲ್ಲಿ ಕರೆಯುವುದಿಲ್ಲ. ವರ್ಷಗಟ್ಟಲೆ ಪಟ್ಟದ ರಾಣಿಗೆ ತನ್ನ ಕೈಯಾರೆ ಸೀರೆ ಉಡಿಸಿದ ಅಜ್ಜಿ, ಗಂಡ ಹೋದ ಮರುವರ್ಷ ಆರತಿಯ ಹೊತ್ತಿಗೆ ಒಳಕೋಣೆಗೆ ಸರಿಯುವುದನ್ನು ಸಂಪ್ರದಾಯ ಎಂದು ಕರೆಯಲು ನನಗೆ ಮನಸ್ಸಿಲ್ಲ. ಇದನ್ನು ಬಿಡಲು ದುಡ್ಡು ಬೇಡ, ಪುರೋಹಿತರ ಅಪ್ಪಣೆಯೂ ಬೇಡ. ಈ ದಸರೆಗೆ ಪಟ್ಟದ ಗೊಂಬೆಯ ಮೊದಲ ಆರತಿಯನ್ನು ಆ ಅಜ್ಜಿಯ ಕೈಯಿಂದಲೇ ಎತ್ತಿಸಿ.