ಒಂದೇ ಮಸುಕಿಗೆ ಎರಡು ಕಾರಣ

ಎಂಆರ್‌ಐ ಯಂತ್ರಕ್ಕೆ ಮುಖ್ಯವಾಗಿ ಕಾಣುವುದು ನೀರು. ಶುದ್ಧ ನೀರಿನಲ್ಲಿ ಲೀಟರಿಗೆ ಸುಮಾರು 111 ಮೋಲ್ ಪ್ರೋಟಾನ್‌ಗಳಿವೆ. ಮಿದುಳಿನ ಪ್ರೋಟೀನುಗಳ ಅಮೈಡ್ ಪ್ರೋಟಾನ್‌ಗಳು ಅದರೆದುರು ಸಾವಿರಕ್ಕೆ ಒಂದರಷ್ಟೂ ಇಲ್ಲ. ಆದರೆ ಅವು ಸೆಕೆಂಡಿಗೆ ಸುಮಾರು 30 ಸಲ ನೀರಿನ ಪ್ರೋಟಾನ್‌ಗಳೊಡನೆ ಜಾಗ ಬದಲಿಸುತ್ತವೆ. ನೀರಿನ ಆವರ್ತನದಿಂದ 3.5 ಪಿಪಿಎಂ ದೂರದಲ್ಲಿ ರೇಡಿಯೋ ತರಂಗ ಹಾಯಿಸಿ ಅವುಗಳ ಕಾಂತತ್ವ ಅಳಿಸಿದರೆ, ಅಳಿದವು ನೀರನ್ನು ಸೇರುತ್ತವೆ, ಅವುಗಳ ಜಾಗಕ್ಕೆ ಬಂದವೂ ಅಳಿಯುತ್ತವೆ. ಕೆಲವೇ ಸೆಕೆಂಡುಗಳಲ್ಲಿ ನೀರಿನ ಸಂಕೇತ ಅಳೆಯುವಷ್ಟು ಮಸುಕಾಗುತ್ತದೆ. 2000ದಲ್ಲಿ ವಾರ್ಡ್, ಅಲೆಟ್ರಾಸ್, ಬಾಲಬನ್ ಇದಕ್ಕೆ ಸೆಸ್ಟ್ ಎಂದು ಹೆಸರಿಟ್ಟರು. 2003ರಲ್ಲಿ ಝೌ, ವಾನ್ ಝೈಲ್ ಮತ್ತು ಸಂಗಡಿಗರು ಇದನ್ನು ಅಮೈಡ್ ಪ್ರೋಟಾನ್‌ಗಳಿಗೆ ಅನ್ವಯಿಸಿ ಮಿದುಳಿನ ಆಮ್ಲೀಯತೆಯ ಬದಲಾವಣೆಯನ್ನು ಚಿತ್ರಿಸಿದರು.

ಈ ಮಸುಕನ್ನು ನೇರವಾಗಿ ಪ್ರೋಟೀನಿನ ಪ್ರಮಾಣವೆಂದು ಓದುವುದು ತಪ್ಪು. ಅಮೈಡ್ ಪ್ರೋಟಾನ್‌ಗಳು ಲೀಟರಿಗೆ 72 ಮಿಲಿಮೋಲ್, ವಿನಿಮಯ ದರ ಸೆಕೆಂಡಿಗೆ 29, ನೀರಿನ ಕಾಂತತ್ವ ಚೇತರಿಸಿಕೊಳ್ಳುವ ಕಾಲ 1.3 ಸೆಕೆಂಡು ಎಂದುಕೊಳ್ಳೋಣ. ನೀರಿನೊಡನೆ ಅವುಗಳ ಅನುಪಾತ, ದರ, ಕಾಲ ಮೂರನ್ನೂ ಗುಣಿಸಿದರೆ ಹತ್ತಿರಹತ್ತಿರ ಶೇಕಡಾ 2.4ರಷ್ಟು ಇಳಿಕೆ. ಪ್ರೋಟೀನ್ ಇಮ್ಮಡಿಯಾಗಿ ದರ ಅರ್ಧಕ್ಕಿಳಿದರೂ ಅದೇ 2.4! ಗಡ್ಡೆಯಲ್ಲಿ ಪ್ರೋಟೀನ್ ಏರಿರಬಹುದು. ರಕ್ತಸಂಚಾರ ನಿಂತ ಜಾಗದಲ್ಲಿ ಆಮ್ಲೀಯತೆ ಹೆಚ್ಚಿ ದರ ಕುಸಿದಿರಬಹುದು. ಇವೆರಡನ್ನೂ ಬೇರೆಬೇರೆಯಾಗಿ ಲೆಕ್ಕಕ್ಕೆ ತರುವುದಕ್ಕೇ ಮಾದರಿ ಬೇಕು. ಕಾಂತತ್ವದ ಬದಲಾವಣೆಯನ್ನು ವಿವರಿಸುವ ಬ್ಲಾಕ್ ಸಮೀಕರಣಗಳಿಗೆ 1958ರಲ್ಲಿ ಮೆಕಾನೆಲ್ ವಿನಿಮಯವನ್ನು ಸೇರಿಸಿ ಕೊಟ್ಟ ಚೌಕಟ್ಟೇ ಇಂದಿಗೂ ಅದರ ತಳಹದಿ.

ಅಜ್ಞಾತಗಳು ಇಷ್ಟಿರುವಾಗ ಯಾವ ಮಾದರಿಯನ್ನಾದರೂ ದತ್ತಾಂಶಕ್ಕೆ ಹೊಂದಿಸಬಹುದಲ್ಲ ಎಂಬುದು ತೂಕವುಳ್ಳ ಆಕ್ಷೇಪ. ಒಂದೇ ಶಕ್ತಿಯಲ್ಲಿ ಅಳೆದರೆ ಅದು ನಿಜವೂ ಹೌದು. ಆದರೆ ರೇಡಿಯೋ ತರಂಗದ ಶಕ್ತಿಯನ್ನು ಬದಲಿಸುತ್ತ ಹೋದರೆ ನಿಧಾನದ ವಿನಿಮಯವೂ ವೇಗದ ವಿನಿಮಯವೂ ಬೇರೆಬೇರೆ ದಾರಿ ಹಿಡಿಯುತ್ತವೆ. 2 ಮೈಕ್ರೋಟೆಸ್ಲಾದಲ್ಲೇ ಅಮೈಡ್ ಬಹುಪಾಲು ಅಳಿದಿರುತ್ತದೆ. ಶಕ್ತಿ ಏರಿಸಿದರೆ ಹೆಚ್ಚೇನೂ ದಕ್ಕುವುದಿಲ್ಲ. ಸೆಕೆಂಡಿಗೆ 2000 ಸಲ ಜಾಗ ಬದಲಿಸುವ ಪ್ರೋಟಾನ್ ಅದೇ ಶಕ್ತಿಯಲ್ಲಿ ಶೇಕಡಾ 7ರಷ್ಟು ಮಾತ್ರ ಅಳಿಯುತ್ತದೆ, 4 ಮೈಕ್ರೋಟೆಸ್ಲಾದಲ್ಲಿ ಶೇಕಡಾ 22ರಷ್ಟು. ದರವನ್ನು ಬಿಟ್ಟುಕೊಡುವುದು ಈ ಏರಿಕೆಯ ರೀತಿಯೇ.

ಆಸ್ಪತ್ರೆಗೆ ಇಷ್ಟು ಲೆಕ್ಕ ಏಕೆ, ನೀರಿನ ಆವರ್ತನದ ಎರಡೂ ಬದಿಯ ಅಳತೆಗಳ ವ್ಯತ್ಯಾಸ ಸಾಲದೇ ಎನ್ನುವವರಿದ್ದಾರೆ. ಆ ವ್ಯತ್ಯಾಸ ಸುಲಭ, ಬೇಗ ಸಿಗುತ್ತದೆ, ಗಡ್ಡೆ ಗುರುತಿಸಲು ನೆರವಾಗಿಯೂ ಇದೆ. ಆದರೆ ಹೋಲಿಕೆಗೆಂದು ಆರಿಸುವ −3.5ರ ಬದಿ ಖಾಲಿಯಲ್ಲ. ಕೊಬ್ಬು, ಪ್ರೋಟೀನುಗಳ ಬೇರೆ ಪ್ರೋಟಾನ್‌ಗಳ ಪ್ರಭಾವ ಅಲ್ಲಿದೆ. ಕಳೆಯುವಾಗ ಅದೂ ಉತ್ತರದೊಳಗೆ ಸೇರುತ್ತದೆ. ಗಡ್ಡೆ ಎಲ್ಲಿದೆ ಎಂಬ ಪ್ರಶ್ನೆಗೆ ಈ ಸರಳ ಅಳತೆ ಸಾಕಾಗಬಹುದು. ಚಿಕಿತ್ಸೆಯಿಂದ ಬದಲಾದದ್ದು ಪ್ರೋಟೀನೋ ಆಮ್ಲೀಯತೆಯೋ ಎಂದು ವೈದ್ಯರು ಕೇಳಿದ ದಿನ, ಹಲವು ಶಕ್ತಿಗಳಲ್ಲಿ ಅಳೆದು ಮಾದರಿಗೆ ಹೊಂದಿಸಿದವರ ಬಳಿ ಮಾತ್ರ ಉತ್ತರವಿರುತ್ತದೆ.