ಮೊಣಕಾಲು ಬಿಡಿ, ತಲೆ ನೋಡಿ

ಮೋಟೊಜಿಪಿ ಬೈಕ್ ಓಟವನ್ನು ನಮ್ಮ ದೊಡ್ಡಮ್ಮ ನೋಡಿದ್ದು ಒಂದೇ ಸಲ, ಅದೂ ಧಾರಾವಾಹಿ ಶುರುವಾಗುವ ಮೊದಲಿನ ಅರ್ಧ ಗಂಟೆ. ಮೊದಲ ತಿರುವಿನಲ್ಲೇ ಸೆರಗು ಬಾಯಿಗೆ ಹಿಡಿದುಕೊಂಡು "ಬೀಳ್ತಾನೆ ಕಣೋ, ಬೀಳ್ತಾನೆ" ಎಂದರು. ಯಾರೂ ಬೀಳಲಿಲ್ಲ. ನಾಲ್ಕನೇ ಸುತ್ತಿನಲ್ಲಿ ಒಬ್ಬ ಬಿದ್ದ. ಜಾರಿಕೊಂಡು ಹೋಗಿ ಜಲ್ಲಿಯಲ್ಲಿ ನಿಂತ, ಎದ್ದ, ಧೂಳು ಕೊಡವಿಕೊಂಡು ನಡೆದುಹೋದ. ದೊಡ್ಡಮ್ಮನಿಗೆ ಇದು ಇನ್ನೂ ದೊಡ್ಡ ಆಶ್ಚರ್ಯ.

ಹೊಸಬರ ಎಲ್ಲ ಪ್ರಶ್ನೆಯೂ ಆ ಅರ್ಧ ಗಂಟೆಯಲ್ಲಿತ್ತು. ಅಷ್ಟು ವಾಲಿದರೂ ಬೀಳುವುದಿಲ್ಲ ಯಾಕೆ? ಬಿದ್ದರೆ ಬೀಳುವುದು ಯಾಕೆ?

ತಿರುವಿನಲ್ಲಿ ಬೈಕು ವಾಲದಿದ್ದರೆ ಹೊರಕ್ಕೆ ಮಗುಚುತ್ತದೆ. ವೇಗ ಹೆಚ್ಚಿದಷ್ಟೂ, ತಿರುವು ಬಿಗಿಯಾದಷ್ಟೂ ಹೆಚ್ಚು ವಾಲಬೇಕು. 45 ಡಿಗ್ರಿಯಲ್ಲಿ ಪಕ್ಕಕ್ಕೆ ಎಳೆಯುವ ಬಲ ಸವಾರನ ತೂಕದಷ್ಟೇ ಆಗುತ್ತದೆ. 60 ಡಿಗ್ರಿಯಲ್ಲಿ ತೂಕದ 1.7 ಪಟ್ಟು. ಈಗಿನ ಮೋಟೊಜಿಪಿಯಲ್ಲಿ 60 ದಾಟುವುದು ದಿನನಿತ್ಯದ ಮಾತು. ಆ ಕೋನದಲ್ಲಿ 65 ಕಿಲೋ ಸವಾರ 130 ಕಿಲೋ ಆದಂತೆ ಬೈಕಿನ ಮೇಲೆ ಒತ್ತುತ್ತಾನೆ. ಇಷ್ಟನ್ನೂ ಹೊತ್ತು ನೆಲ ಹಿಡಿದಿರುವುದು ಟೈರಿನ ಅಂಚಿನಲ್ಲಿ ಅಂಗೈಯಗಲದ ರಬ್ಬರು. ಅದು ಬೆಚ್ಚಗಿದ್ದು ಹಿಡಿದರೆ ಸರಿ. ಬಿಟ್ಟರೆ ದೊಡ್ಡಮ್ಮ ಕಂಡ ಹಾಗೆ ಬೈಕು ಒಳಬದಿಗೆ ಮಲಗಿ ಜಾರುತ್ತದೆ. ಮೊದಲೇ ನೆಲದ ಹತ್ತಿರವಿದ್ದವನು ಬೀಳುವ ಎತ್ತರವೂ ಕಡಿಮೆ, ಹಾಗಾಗಿ ಎದ್ದು ನಡೆಯುತ್ತಾನೆ. ಭಯಪಡಬೇಕಾದ್ದು ಇನ್ನೊಂದು ಬಗೆಯ ಬೀಳುವಿಕೆ: ಜಾರುತ್ತಿದ್ದ ಹಿಂದಿನ ಟೈರು ಥಟ್ಟನೆ ಮತ್ತೆ ಹಿಡಿದಾಗ ಬೈಕು ಸವಾರನನ್ನು ಕವಣೆ ಕಲ್ಲಿನಂತೆ ಮೇಲಕ್ಕೆಸೆಯುತ್ತದೆ. 2018ರಿಂದ ಎಲ್ಲ ಕಾಯಂ ಸವಾರರ ಚರ್ಮದ ದಿರಿಸಿನೊಳಗೂ ಏರ್‌ಬ್ಯಾಗ್ ಕಡ್ಡಾಯವಾಗಿರುವುದು ಸುಮ್ಮನೆ ಅಲ್ಲ.

ಇನ್ನು ಮೈಯ ವಿಷಯ. ಸವಾರ ಸೀಟಿನಿಂದ ಒಳಬದಿಗೆ ಜಾರಿ, ಅರ್ಧ ಪೃಷ್ಠ ಗಾಳಿಯಲ್ಲಿಟ್ಟು, ಮೊಣಕಾಲು ಚಾಚುವುದು ಶೋಕಿಗೆ ಎಂದುಕೊಂಡವರು ಬಹಳ. ಲೆಕ್ಕ ತಿರುವುಮುರುವಾಗಿದೆ. ಮನುಷ್ಯನ ಭಾರ ಒಳಕ್ಕೆ ಹೋದಷ್ಟೂ ಅದೇ ವೇಗಕ್ಕೆ ಬೈಕು ಕಡಿಮೆ ವಾಲಿದರೆ ಸಾಕು. ಬೈಕನ್ನು ನೆಟ್ಟಗೆ ಉಳಿಸಲಿಕ್ಕಾಗಿ ಮನುಷ್ಯ ವಾಲುತ್ತಾನೆ. ಈ ಒಂದು ಮಾತು ತಲೆಗೆ ಹೋದರೆ ಕಣ್ಣು ನೋಡುವ ಜಾಗವೇ ಬದಲಾಗುತ್ತದೆ.

ನೆಲಕ್ಕೆ ಉಜ್ಜುವ ಮೊಣಕಾಲು ಅಳತೆಗೋಲು ಅಷ್ಟೆ: ಎಷ್ಟು ವಾಲಿದ್ದೇನೆ ಎಂದು ಸವಾರನಿಗೆ ಅದು ಹೇಳುತ್ತದೆ. ಅಲ್ಲಿ ಅಂಟಿಸಿರುವ ಪ್ಲಾಸ್ಟಿಕ್ ಸ್ಲೈಡರ್ ಸವೆಯುವುದಕ್ಕೇ ಇರುವಂಥದ್ದು. ಕೆಲಸ ಮಾಡುವುದು ನಮಗೆ ಕಾಣದ ಹೊರಗಾಲು. ಅದರ ತೊಡೆ ಟ್ಯಾಂಕಿಗೆ ಕೊಂಡಿಯಂತೆ ಸಿಕ್ಕಿಕೊಂಡು ಇಡೀ ಮೈ ಹೊತ್ತಿರುತ್ತದೆ, ಅದರಿಂದಲೇ ಕೈಗಳು ಹಗುರ. ಹ್ಯಾಂಡಲಿಗೆ ಜೋತುಬಿದ್ದ ಸವಾರ ಬೈಕಿನ ಮಾತು ಕೇಳಿಸಿಕೊಳ್ಳಲಾರ. ಆಮೇಲೆ ತಲೆ ನೋಡಿ. ಒಳಬದಿಗೆ ತಗ್ಗಿ, ಮಾಮೂಲಿ ಬೈಕಿನಲ್ಲಿ ಕನ್ನಡಿ ಇರಬೇಕಾದ ಜಾಗದ ಆಚೆ, ಹೆಲ್ಮೆಟ್ಟು ತಿರುವಿನ ಕೊನೆಯತ್ತ ತಿರುಗಿರುತ್ತದೆ. ಬೈಕು ಇನ್ನೂ ಇಲ್ಲಿದೆ, ಕಣ್ಣು ಆಗಲೇ ಅಲ್ಲಿದೆ.

ಈ ಭಂಗಿ ಮೊದಲಿನಿಂದ ಇದ್ದದ್ದಲ್ಲ. ಅರವತ್ತರ ದಶಕದಲ್ಲಿ ಮೈಕ್ ಹೈಲ್‌ವುಡ್ ಮೊಣಕಾಲು ಟ್ಯಾಂಕಿಗೆ ಅವುಚಿ, ಬೈಕಿನ ನೇರಕ್ಕೇ ಮೈಯಿಟ್ಟು ಓಡಿಸುತ್ತಿದ್ದ. ಅದು ಅಂದಿನ ಸಭ್ಯತೆ. ಎಪ್ಪತ್ತರ ದಶಕದ ಆರಂಭದಲ್ಲಿ ಫಿನ್‌ಲೆಂಡಿನ ಯಾರ್ನೊ ಸಾರಿನೆನ್ ಸೀಟಿನಿಂದ ಪಕ್ಕಕ್ಕಿಳಿದ. 1973ರಲ್ಲಿ ಮೊಂಜಾ ಓಟದಲ್ಲಿ ಅವನು ಸತ್ತ ಮೇಲೆ ಆ ದಾರಿಯನ್ನು ಪೂರ್ತಿ ನಡೆದವನು ಅಮೆರಿಕದ ಕೆನ್ನಿ ರಾಬರ್ಟ್ಸ್. 1978ರಿಂದ ಮೂರು ವರ್ಷ ಸತತವಾಗಿ 500 ಸಿಸಿ ಪ್ರಶಸ್ತಿ ಅವನದು. 2013ರಲ್ಲಿ ಇಪ್ಪತ್ತರ ಹುಡುಗ ಮಾರ್ಕ್ ಮಾರ್ಕೆಸ್ ಮೊಣಕೈಯನ್ನೂ ನೆಲಕ್ಕೆ ತಾಗಿಸಿಕೊಂಡು ಬಂದು, ಮೋಟೊಜಿಪಿಯ ತನ್ನ ಮೊದಲ ವರ್ಷವೇ ಪ್ರಶಸ್ತಿ ಒಯ್ದ.

ಮಾರ್ಕೆಸ್‌ನ ಹೆಸರು ಹೇಳಿದರೆ ಬೀಳದೆ ಉಳಿದುಕೊಳ್ಳುವ ಅವನ ವಿದ್ಯೆಯನ್ನು ಹೇಳದಿರಲಾಗದು. 2017ರ ವೆಲೆನ್ಸಿಯಾ ಓಟದಲ್ಲಿ ಮೊದಲ ತಿರುವಿಗೆ ಮುಂದಿನ ಟೈರು ಕೈಕೊಟ್ಟಿತು. ನೆಲಕ್ಕೊರಗಿದ ಮೈಯಿಂದಲೇ ಬೈಕನ್ನೆತ್ತಿ ಜಲ್ಲಿ ದಾಟಿ ಹಿಂದಿರುಗಿದ, ಮೂರನೆಯವನಾಗಿ ಮುಗಿಸಿ ಪ್ರಶಸ್ತಿಯನ್ನೂ ಗೆದ್ದ. ರೋಮಾಂಚನವೇ ಹೌದು. ಆದರೂ ನನ್ನ ಪಕ್ಷಪಾತ ಹೋರ್ಹೆ ಲೊರೆಂಜೊ ಕಡೆಗೆ. ಅವನ ಸವಾರಿಗೆ ಬೆಣ್ಣೆಯೆಂದೇ ಹೆಸರು. ಸುತ್ತಿನಿಂದ ಸುತ್ತಿಗೆ ಅದೇ ಗೆರೆ, ಅದೇ ಗಳಿಗೆಗೆ ವಾಲಿಕೆ, ಎಲ್ಲೂ ಜರ್ಕು ಇಲ್ಲ. ವೇಗವಾಗಿ ಹೋಗುತ್ತಿದ್ದಾನೆಂದು ಗೊತ್ತಾಗುವುದು ಗಡಿಯಾರ ನೋಡಿದಾಗಲೇ.

ಸಂಗೀತ ಕಚೇರಿಗೆ ಹೊಸದಾಗಿ ಹೋದವರು ಸ್ವರಗಳ ಓಟಕ್ಕೆ ಚಪ್ಪಾಳೆ ತಟ್ಟಿದರೆ ಹಳಬರು ಹಾಡು ಎತ್ತಿಕೊಳ್ಳುವ ಜಾಗಕ್ಕೆ, ಎಡುಪಿಗೆ, ಬಂದು ಸೇರುವ ಗಳಿಗೆಗೆ ಕಾಯುತ್ತಾರೆ. ಇಲ್ಲಿಯೂ ಅಂಥ ಗಳಿಗೆಯೊಂದಿದೆ. ತಿರುವಿನ ಒಳತುದಿ ದಾಟಿದ ಕೂಡಲೇ ಸವಾರ ತನ್ನ ಮೈಯನ್ನು ಒಳಗೇ ಬಿಟ್ಟು ಬೈಕನ್ನು ಮಾತ್ರ ಕೈಯಿಂದ ದೂರ ತಳ್ಳಿ ನೆಟ್ಟಗೆ ಮಾಡುತ್ತಾನೆ. ಟೈರಿನ ಅಂಚು ಬಿಟ್ಟು ಅಗಲವಾದ ಭಾಗ ನೆಲಕ್ಕೆ ಬರುತ್ತದೆ, ಅದು ಬಂದ ಮೇಲೆಯೇ ಆಕ್ಸಿಲರೇಟರ್ ಪೂರ್ತಿ ತಿರುವಲು ಸಾಧ್ಯ. ಯಾರು ಇದನ್ನು ಹತ್ತು ಅಡಿ ಮೊದಲು ಮಾಡುತ್ತಾನೋ ಅವನು ಮುಂದಿನ ನೇರದಾರಿಯಲ್ಲಿ ಎದುರಾಳಿಯನ್ನು ಹಿಂದಿಕ್ಕುತ್ತಾನೆ. ಅತಿ ಹೆಚ್ಚು ಹೊತ್ತು ವಾಲಿಕೊಂಡೇ ಇರುವವನ ಫೋಟೊ ಚೆನ್ನಾಗಿ ಬರುತ್ತದೆ, ಅಷ್ಟೆ. ನಿಧಾನಗತಿಯ ಮರುಪ್ರಸಾರದಲ್ಲಿ ಬೈಕು ನೆಟ್ಟಗಾಗುವ ಈ ಗಳಿಗೆ ಕಾಣದು. ಓಟದ ವೇಗದಲ್ಲೇ, ತಿರುವಿನ ಹೊರಬಾಯಿಗೆ ಕಣ್ಣಿಟ್ಟು ನೋಡಬೇಕು.

ಕಣ್ಣು ಪಳಗಿಸಲು ಒಂದೇ ಟ್ರ್ಯಾಕ್ ಆರಿಸಿಕೊಳ್ಳಿ ಎಂದರೆ ಜರ್ಮನಿಯ ಜಾಕ್ಸನ್‌ರಿಂಗ್ ಎನ್ನುತ್ತೇನೆ. 3.67 ಕಿಲೋಮೀಟರಿನ ಪುಟ್ಟ ಹಾದಿ, 13 ತಿರುವು. ಹತ್ತು ಎಡಕ್ಕೆ, ಮೂರೇ ಬಲಕ್ಕೆ. ನಾಲ್ಕರಿಂದ ಹತ್ತರವರೆಗೆ ಒಂದರ ಹಿಂದೊಂದು ಎಡವೇ. ಅಷ್ಟು ಹೊತ್ತು ಟೈರಿನ ಬಲ ಅಂಚು ನೆಲ ಕಾಣದೆ ತಣ್ಣಗಾಗುತ್ತದೆ. ಎಡ ಬಲಕ್ಕೆ ಬೇರೆ ಬೇರೆ ಹದದ ರಬ್ಬರಿನ ಟೈರು ಕೊಟ್ಟರೂ ಆತಂಕ ತಪ್ಪಿದ್ದಲ್ಲ, ಏಕೆಂದರೆ ಮುಂದಿನ ಹನ್ನೊಂದನೇ ತಿರುವು ಬಲಕ್ಕೆ, ಅದೂ ಇಳಿಜಾರಿನಲ್ಲಿ, ಭಾರಿ ವೇಗದಲ್ಲಿ. ದೊಡ್ಡ ದೊಡ್ಡವರು ಅಲ್ಲಿ ಮಲಗಿದ್ದಾರೆ. ಎಡತಿರುವುಗಳಲ್ಲಿ ಪಳಗಿದ ಮಾರ್ಕೆಸ್ 2010ರಿಂದ 2021ರವರೆಗೆ ಅಲ್ಲಿ ಸ್ಪರ್ಧಿಸಿದ ಪ್ರತಿ ವರ್ಷವೂ, ಯಾವ ದರ್ಜೆಯಲ್ಲಿದ್ದರೂ ಗೆದ್ದ. ಆ ಸಾಲಿನ ಕೊನೆಯ ಗೆಲುವು ತೋಳು ಮುರಿದುಕೊಂಡು ಚೇತರಿಸಿಕೊಂಡ ಮೇಲೆ, ಅವನ ಹಿಂದಿನ ಗೆಲುವಾಗಿ 581 ದಿನಗಳ ಬಳಿಕ ಬಂದದ್ದು.

ಇದನ್ನೋದಿ ಭಾನುವಾರ ಚಾರ್ಮಾಡಿ ಘಾಟಿಯಲ್ಲಿ ಮೊಣಕಾಲು ತಾಗಿಸಲು ಹೊರಡಬೇಡಿ. ಅಲ್ಲಿ ಮರಳಿದೆ, ಎದುರಿನಿಂದ ಬಸ್ಸಿದೆ, ಜಲ್ಲಿಯ ಜಾಗದಲ್ಲಿ ಪ್ರಪಾತವಿದೆ. ಜರ್ಮನಿಯ ಓಟ ಬಂದಾಗ ಟಿವಿ ಮುಂದೆ ಕೂತರೆ ಸಾಕು. ಹತ್ತನೇ ತಿರುವು ದಾಟುವ ಹೊತ್ತಿಗೆ ಮಾತ್ರ ಕಾಫಿಗೆಂದು ಎದ್ದು ಹೋಗಬೇಡಿ.