ನೆರೆಯ ಕೆಸರನ್ನೂ ಬಿಟ್ಟುಕೊಡುವ ಜಮಖಾನ

2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಉತ್ತರ ಕರ್ನಾಟಕದ ಎಷ್ಟೋ ಮನೆಗಳಿಗೆ ಕೆಸರು ನುಗ್ಗಿತು. ಅಂಥ ನೀರಿನಲ್ಲಿ ನೆನೆದ ಹಾಸುಗಳಲ್ಲಿ ಮತ್ತೆ ಬಳಕೆಗೆ ಬರುವ ಭರವಸೆ ಹೆಚ್ಚಾಗಿ ಇರುವುದು ಹತ್ತಿಯ ಜಮಖಾನಕ್ಕೆ. ಅದರಲ್ಲೂ ಧಾರವಾಡ ಜಿಲ್ಲೆಯ ನವಲಗುಂದದ ಹೆಣ್ಣುಮಕ್ಕಳು ಮಗ್ಗದ ಮೇಲೆ ನೇಯುವ, ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಜಮಖಾನ ನನಗೆ ಬಲು ಮೆಚ್ಚು.

ಅದರ ಗುಟ್ಟು ನೇಯ್ಗೆಯಲ್ಲಿದೆ. ಪಂಜ ಎಂಬ ಹಲ್ಲುಗಳುಳ್ಳ ಸಾಧನದಿಂದ ನೂಲನ್ನು ಬಡಿದು ಕೂರಿಸಿದ ಗಟ್ಟಿ ಹಾಸು. ಎರಡೂ ಮಗ್ಗುಲು ಒಂದೇ, ಹಿಂದೆ ಅಂಟಿಲ್ಲ, ರಬ್ಬರಿಲ್ಲ. ನೀರು ಹೇಗೆ ಒಳಹೊಕ್ಕಿತೋ ಹಾಗೆಯೇ ಹೊರಬರುತ್ತದೆ. ಕಾರ್ಖಾನೆಯ ಕಾರ್ಪೆಟ್ ಹಾಗಲ್ಲ: ಬೆನ್ನಿನ ಅಂಟು ಬಿಡುತ್ತದೆ, ಒಳಗೆ ತೇವ ಉಳಿಯುತ್ತದೆ, ಒಂದೆರಡು ದಿನದಲ್ಲೇ ಬೂಷ್ಟು ಹಿಡಿಯಬಹುದು.

ಕೆಸರು ಒಣಗುವ ಮೊದಲೇ ತೊಳೆಯಬೇಕು. ಉಜ್ಜದೆ, ಮೇಲಿಂದ ಶುದ್ಧ ನೀರು ಸುರಿಯುತ್ತ ತಿಳಿಯಾಗುವವರೆಗೆ ಹರಿಸಿ, ಆಮೇಲೆ ಸೌಮ್ಯವಾದ ಸೋಪು. ಹಿಂಡಬಾರದು; ಒದ್ದೆ ಇರುವಾಗ ಮಡಚಿಟ್ಟರೆ ಬಣ್ಣ ಒಂದಕ್ಕೊಂದು ಹತ್ತುತ್ತದೆ. ಎರಡು ಗಳಗಳ ಮೇಲೆ ಹರಡಿ, ಗಾಳಿಯಾಡುವ ನೆರಳಿನಲ್ಲಿ ತಿರುವಿ ಹಾಕುತ್ತ ಒಣಗಿಸಬೇಕು.

ಚರಂಡಿ ನೀರು ಹೀರಿದ ದಪ್ಪ ಕಾರ್ಪೆಟ್ಟನ್ನು ಮಾತ್ರ ಉಳಿಸಲು ಹೋಗಬೇಡಿ. ಕೈಗವಸು ಹಾಕಿಕೊಂಡು ಹೊರಗೆ ಸಾಗಿಸಿ. ಹೊಸ ಹಾಸು ಕೊಳ್ಳುವಾಗ ನವಲಗುಂದದ ನೇಕಾರ್ತಿಯರನ್ನು ನೆನೆಯಿರಿ.